ಕೀಟ ಕಡಿದ ಜಾಗಕ್ಕೆ ಬಿಸಿ ತಾಗಿಸುವುದು ಎಷ್ಟು ಸರಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಸೊಳ್ಳೆ, ಇರುವೆ, ಕಡಜ, ಜೇನು ಯಾವುದಕ್ಕೂ ಇಲ್ಲಿ ಬರವಿಲ್ಲ. ಮಕ್ಕಳಿಗೆ ಏನಾದರೂ ಕಚ್ಚಿದರೆ ನಮ್ಮ ಅತ್ತೆಯವರು ಚಮಚವನ್ನು ಒಲೆಯ ಮೇಲೆ ಕಾಯಿಸಿ, ಸ್ವಲ್ಪ ಆರಿಸಿ, ಆ ಜಾಗಕ್ಕೆ ಒತ್ತುತ್ತಾರೆ. ತುರಿಕೆ ಕಡಿಮೆಯಾಗುವುದೂ ಉಂಟು. ಜರ್ಮನಿಯಲ್ಲಿರುವ ನನ್ನ ತಮ್ಮ ಈಚೆಗೆ ಪೆನ್ನಿನಷ್ಟು ದೊಡ್ಡದಾದ ಒಂದು ಬ್ಯಾಟರಿ ಸಾಧನವನ್ನು ತಂದುಕೊಟ್ಟಿದ್ದಾನೆ. ಗುಂಡಿ ಒತ್ತಿದರೆ ಅದರ ತುದಿ ಕೆಲವು ಸೆಕೆಂಡು ಬಿಸಿಯಾಗುತ್ತದೆ. ಅದು ವಿಷವನ್ನೇ ನಾಶ ಮಾಡುತ್ತದೆ ಎನ್ನುತ್ತಾನೆ ಅವನು. ಇದು ನಿಜವೇ? ಚಮಚಕ್ಕೂ ಇದಕ್ಕೂ ವ್ಯತ್ಯಾಸವಿದೆಯೇ? ಜೇನು, ಚೇಳು, ಉಣುಗು ಕಚ್ಚಿದಾಗಲೂ ಬಳಸಬಹುದೇ? ಅತ್ತೆಯವರಿಗೆ ಸಕ್ಕರೆ ಕಾಯಿಲೆ ಇದೆ; ಅವರು ಬಳಸಿದರೆ ತೊಂದರೆಯೇ? ಒಂದೇ ಜಾಗಕ್ಕೆ ಎಷ್ಟು ಸಲ ತಾಗಿಸಬಹುದು?

ಉತ್ತರ: ಬಿಸಿ ತಾಗಿಸಿದರೆ ತುರಿಕೆಯೂ ಸಣ್ಣಪುಟ್ಟ ನೋವೂ ಇಳಿಯುತ್ತವೆ ಎಂಬ ನಿಮ್ಮ ಅತ್ತೆಯವರ ಅನುಭವಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿದೆ. ವಿಷವನ್ನು ಬಿಸಿ ನಾಶ ಮಾಡುತ್ತದೆ ಎಂಬ ನಿಮ್ಮ ತಮ್ಮನವರ ಮಾತಿಗೆ ಮಾತ್ರ, ಕನಿಷ್ಠ ನೀವು ಹೆಸರಿಸಿರುವ ಕೀಟಗಳ ಮಟ್ಟಿಗೆ, ಅಂತಹ ಆಧಾರ ಸಿಗುವುದಿಲ್ಲ. ಬಿಸಿ ಕೆಲಸ ಮಾಡುವುದು ವಿಷದ ಮೇಲಲ್ಲ, ನರದ ಮೇಲೆ. ಇದೊಂದು ಸ್ಪಷ್ಟವಾದರೆ ಎಲ್ಲಿ ಬಳಸಬಹುದು, ಎಲ್ಲಿ ಬಳಸಬಾರದು, ಎಷ್ಟು ಬಿಸಿ ಸಾಕು ಎಂಬ ನಿಮ್ಮ ಉಳಿದ ಪ್ರಶ್ನೆಗಳಿಗೂ ಉತ್ತರ ಹೊಳೆಯುತ್ತದೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಕಡಿತ ಎಂದು ನಾವು ಒಟ್ಟಾಗಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ. ಸೊಳ್ಳೆಗೆ ನಮ್ಮನ್ನು ನೋಯಿಸುವ ಉದ್ದೇಶವಿಲ್ಲ. ರಕ್ತ ಹೀರುವಾಗ ಅದು ಹೆಪ್ಪುಗಟ್ಟದಿರಲೆಂದು ತನ್ನ ಜೊಲ್ಲನ್ನು ಚರ್ಮದೊಳಗೆ ಬಿಡುತ್ತದೆ. ಆ ಜೊಲ್ಲಿನಲ್ಲಿರುವ ಪ್ರೋಟೀನುಗಳನ್ನು ನಮ್ಮ ರೋಗನಿರೋಧಕ ವ್ಯವಸ್ಥೆ ಪರಕೀಯವೆಂದು ಗುರುತಿಸಿದಾಗ, ಚರ್ಮದಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಮತ್ತಿತರ ರಾಸಾಯನಿಕಗಳನ್ನು ಹೊರಹಾಕುತ್ತವೆ. ಕೆಲವೇ ನಿಮಿಷಗಳಲ್ಲಿ ಏಳುವ ದಡಿಕೆಯೂ ತುರಿಕೆಯೂ ಇದರ ಫಲ. ಮರುದಿನ ಕಾಣುವ ಗಟ್ಟಿ ಕೆಂಪು ಗುಳ್ಳೆ ಇದೇ ಪ್ರತಿಕ್ರಿಯೆಯ ನಿಧಾನವಾದ ಎರಡನೆಯ ಭಾಗ. ಜೇನು, ಕಡಜ ಮತ್ತು ಕೊಂಡಿಯಿರುವ ಇರುವೆಗಳದ್ದು ಬೇರೆಯ ಬಗೆ. ಅವು ನೋಯಿಸಲೆಂದೇ ವಿಷವನ್ನು ಚುಚ್ಚುತ್ತವೆ. ಆ ವಿಷದ ಅಂಶಗಳು ಜೀವಕೋಶಗಳ ಪೊರೆಯನ್ನು ಒಡೆದು ನೋವಿನ ನರಗಳನ್ನು ನೇರವಾಗಿ ಕೆರಳಿಸುತ್ತವೆ. ಆದ್ದರಿಂದಲೇ ಸೊಳ್ಳೆ ಕಚ್ಚಿದ್ದು ಎಷ್ಟೋ ಹೊತ್ತಿನ ನಂತರ ಗೊತ್ತಾಗುತ್ತದೆ, ಕಡಜ ಚುಚ್ಚಿದ್ದು ಚುಚ್ಚಿದ ಕ್ಷಣದಲ್ಲೇ ಗೊತ್ತಾಗುತ್ತದೆ.

ಬಿಸಿಯ ಪರಿಣಾಮ ಶುರುವಾಗುವುದು ಚರ್ಮದ ನರತುದಿಗಳಲ್ಲಿ. ಅಲ್ಲಿ ಟಿಆರ್‌ಪಿವಿ1 ಎಂಬ ಒಂದು ಸಂವೇದಕವಿದೆ. ತಾಪ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ತೆರೆದುಕೊಂಡು, ಸುಡುತ್ತಿದೆ ಎಂಬ ಸಂದೇಶವನ್ನು ಕಳುಹಿಸುತ್ತದೆ. ಮೆಣಸಿನಕಾಯಿಯ ಖಾರ ನಾಲಿಗೆಗೆ ಉರಿಯಾಗಿ ತೋರುವುದೂ ಇದೇ ಸಂವೇದಕದಿಂದ. ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರು ಸ್ಪರ್ಶದ ಸಂವೇದಕಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೌಟಿಯನ್ ಅವರೊಂದಿಗೆ 2021ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ತುರಿಕೆಯ ಸಂದೇಶವನ್ನೂ ಉರಿಯ ಸಂದೇಶವನ್ನೂ ಒಂದೇ ಜಾತಿಯ ಸಪೂರ ನರತಂತುಗಳು ಬೆನ್ನುಹುರಿಗೆ ಒಯ್ಯುತ್ತವೆ. ಬೆನ್ನುಹುರಿಯಲ್ಲಿ ನೋವಿನ ಸಂದೇಶ ತುರಿಕೆಯ ಸಂದೇಶವನ್ನು ಅದುಮುವ ಏರ್ಪಾಡಿದೆ. ನಾವು ತುರಿಸಿಕೊಳ್ಳುವುದೂ ಉಗುರಿನಿಂದ ಸಣ್ಣ ನೋವನ್ನು ಉಂಟುಮಾಡಿ ತುರಿಕೆಯನ್ನು ಅಡಗಿಸುವ ಉಪಾಯವೇ ಹೊರತು ಬೇರೇನಲ್ಲ. ಉಗುರು ಚರ್ಮವನ್ನು ಕೆರೆದು ಗಾಯ ಮಾಡುತ್ತದೆ, ಅಳತೆಯ ಬಿಸಿ ಗಾಯ ಮಾಡದೆ ಅದೇ ಕೆಲಸವನ್ನು ಮಾಡುತ್ತದೆ. ತಕ್ಷಣ ಚುರ್ರೆಂದು ಒಂದು ಕುಟುಕು, ಅದರ ಬೆನ್ನಿಗೇ ಕೆಲವು ಸಲ ತುರಿಕೆ ಹೆಚ್ಚಾದಂತೆ ಒಂದು ಕ್ಷಣದ ಭಾಸ, ಆಮೇಲೆ ಶಮನ: ಬಳಸಿದವರು ಸಾಮಾನ್ಯವಾಗಿ ಹೇಳುವ ಕ್ರಮ ಇದು, ಮತ್ತು ನರಗಳ ಈ ವ್ಯವಹಾರಕ್ಕೆ ಅದು ಸರಿಯಾಗಿ ಹೊಂದುತ್ತದೆ.

ಇಂತಹ ಸಾಧನಗಳ ಬಗ್ಗೆ ಪರೀಕ್ಷೆಗಳು ನಡೆದಿಲ್ಲವೆಂದಲ್ಲ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಜರ್ಮನಿಯ ಕಡಲತೀರಗಳಲ್ಲೂ ಈಜುವ ಕೆರೆಗಳ ದಡದಲ್ಲೂ ಮಾಡಲಾಗಿತ್ತು. 146 ಮಂದಿಯ ಕಡಿತಗಳಿಗೆ ಬಿಸಿ ತುದಿಯನ್ನು ತಾಗಿಸಿ ನೋಡಿದಾಗ ಬಹುಪಾಲು ಜನರಲ್ಲಿ ನೋವು, ಊತ, ತುರಿಕೆ ಬೇಗ ಇಳಿದವು. ಅದಾದ ಮೇಲೆ 2023ರಲ್ಲಿ, ಮೊಬೈಲಿಗೆ ಸಿಕ್ಕಿಸಿ ಬಳಸುವ ಇನ್ನೊಂದು ಸಾಧನದ ಬಳಕೆದಾರರಿಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಕಡಿತಗಳ ಮಾಹಿತಿಯನ್ನು ಕಲೆಹಾಕಿದ ವರದಿ ಬಂತು. ಮೊದಲ ಒಂದು ನಿಮಿಷದೊಳಗೇ ತುರಿಕೆ ಸರಾಸರಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಸಂಖ್ಯೆ ದೊಡ್ಡದು, ಫಲಿತಾಂಶವೂ ಒಂದೇ ದಿಕ್ಕಿನದು. ಆದರೆ ಎರಡರಲ್ಲೂ ಬಿಸಿಯಿಲ್ಲದ ಸುಳ್ಳು ಸಾಧನವನ್ನು ಹೋಲಿಕೆಗಾಗಿ ಕೊಟ್ಟ ಗುಂಪು ಇರಲಿಲ್ಲ. ಸೊಳ್ಳೆ ಕಡಿತದ ತುರಿಕೆ ತಾನಾಗಿಯೂ ಇಳಿಯುವಂಥದ್ದು. ಏನಾದರೂ ಚಿಕಿತ್ಸೆ ಆಯಿತೆಂಬ ನೆಮ್ಮದಿಯೂ ತುರಿಕೆಯನ್ನು ತಗ್ಗಿಸುತ್ತದೆ. ಹಾಗಿದ್ದರೂ ಒಂದು ನಿಮಿಷದಲ್ಲಿ ಅಷ್ಟು ಇಳಿಕೆ ಕಂಡುಬಂದದ್ದನ್ನೂ ನರಗಳ ಬಗ್ಗೆ ಗೊತ್ತಿರುವುದನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ತುರಿಕೆಗೆ ಇದು ನಿಜಕ್ಕೂ ಉಪಯೋಗವಾಗುತ್ತದೆ ಎಂದು ನಾನು ನಂಬುತ್ತೇನೆ. ಜೇನು, ಕಡಜಗಳ ನೋವಿನ ವಿಷಯದಲ್ಲಿ ಅಷ್ಟೇ ಧೈರ್ಯದಿಂದ ಹೇಳಲಾರೆ.

ಈಗ ವಿಷವನ್ನು ನಾಶ ಮಾಡುವ ಮಾತಿಗೆ ಬರೋಣ. ಪ್ರೋಟೀನುಗಳು ಬಿಸಿಗೆ ಕೆಡುತ್ತವೆ, ಕೀಟದ ವಿಷದಲ್ಲಿ ಪ್ರೋಟೀನಿದೆ, ಆದ್ದರಿಂದ ಬಿಸಿ ವಿಷವನ್ನು ಕೆಡಿಸುತ್ತದೆ ಎಂಬುದು ಮಾರುವವರ ತರ್ಕ. ಕೇಳಲು ಸರಳವಾಗಿರುವ ಈ ತರ್ಕ ಮೂರು ಕಡೆ ಮುಗ್ಗರಿಸುತ್ತದೆ. ಜೇನಿನ ಒಣ ವಿಷದ ಅರ್ಧದಷ್ಟು ಭಾಗ ಮೆಲಿಟಿನ್ ಎಂಬ ವಸ್ತು. ಕೇವಲ 26 ಅಮೈನೋ ಆಮ್ಲಗಳ ಈ ಪುಟ್ಟ ಸರಪಣಿ ಬಿಸಿಗೆ ಸುಲಭವಾಗಿ ಕೆಡುವಂಥದ್ದಲ್ಲ. ಕೊಂಡಿ ವಿಷವನ್ನು ಬಿಡುವುದು ಚರ್ಮದ ಮೇಲ್ಪದರದ ಕೆಳಗೆ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಮೂರರಿಂದ ಆರು ಸೆಕೆಂಡು ತಾಗಿಸಿದ ಬಿಸಿ ಅಷ್ಟು ಆಳಕ್ಕೆ ಇಳಿಯುವ ಹೊತ್ತಿಗೆ ಬಹಳ ತಗ್ಗಿರುತ್ತದೆ, ಮೇಲಾಗಿ ಹರಿಯುವ ರಕ್ತ ಅದನ್ನು ಒಯ್ದುಬಿಡುತ್ತದೆ. ಕೊನೆಯದಾಗಿ, ಹಿಸ್ಟಮಿನ್ ಆಗಲೇ ಬಿಡುಗಡೆಯಾಗಿ ತನ್ನ ಕೆಲಸವನ್ನು ಆರಂಭಿಸಿರುತ್ತದೆ, ಮತ್ತು ಅದು ಪ್ರೋಟೀನೇ ಅಲ್ಲ. ವಿಷವನ್ನು ಕೆಡಿಸುವಷ್ಟು ಬಿಸಿಯನ್ನು ಅಷ್ಟು ಆಳಕ್ಕೆ ಮುಟ್ಟಿಸಲು ಹೊರಟರೆ, ಅದಕ್ಕೆ ಮೊದಲು ಕೆಡುವುದು ನಮ್ಮ ಚರ್ಮದ ಪ್ರೋಟೀನು.

ಈ ನಂಬಿಕೆ ಪೂರ್ತಿ ನಿರಾಧಾರವಾಗಿ ಹುಟ್ಟಿದ್ದೂ ಅಲ್ಲ. ಅದರ ಬೇರು ಕಡಲಲ್ಲಿದೆ. ನಮ್ಮ ಕರಾವಳಿಯ ಮೀನುಗಾರರಿಗೆ ಚೆನ್ನಾಗಿ ಗೊತ್ತಿರುವ ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿದರೆ ಆಗುವ ನೋವಿಗೆ, ಕಾಲನ್ನು ತಾಳಬಲ್ಲಷ್ಟು ಬಿಸಿಯ ನೀರಿನಲ್ಲಿ ಅದ್ದಿಡುವುದು ಇಂದಿಗೂ ಒಪ್ಪಿತ ಪ್ರಥಮ ಚಿಕಿತ್ಸೆ. ನೀರು ಸುಮಾರು 45 ಡಿಗ್ರಿ, ಅವಧಿ ಮೂವತ್ತರಿಂದ ತೊಂಬತ್ತು ನಿಮಿಷ. ಆಸ್ಟ್ರೇಲಿಯದ ತೀರಗಳಲ್ಲಿ ಸಾಮಾನ್ಯವಾದ, ನಮ್ಮ ಪಶ್ಚಿಮ ಕರಾವಳಿಯಲ್ಲೂ ಮಳೆಗಾಲದಲ್ಲಿ ದಡಕ್ಕೆ ಬಂದು ಬೀಳುವ ಬ್ಲೂ ಬಾಟಲ್ ಎಂಬ ಕಡಲಜೀವಿಯ ಕುಟುಕಿನ ಬಗ್ಗೆ 2006ರಲ್ಲಿ ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಒಳ್ಳೆಯ ಪರೀಕ್ಷೆ ಪ್ರಕಟವಾಯಿತು. 96 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ 45 ಡಿಗ್ರಿಯ ಬಿಸಿನೀರನ್ನೂ ಇನ್ನೊಂದಕ್ಕೆ ಮಂಜುಗಡ್ಡೆಯ ಪೊಟ್ಟಣವನ್ನೂ ಕೊಟ್ಟರು. ಇಪ್ಪತ್ತು ನಿಮಿಷದ ಹೊತ್ತಿಗೆ ಬಿಸಿನೀರಿನ ಗುಂಪಿನಲ್ಲಿ ಶೇಕಡ 87ರಷ್ಟು ಮಂದಿಗೆ ನೋವು ಇಳಿದಿತ್ತು, ಮಂಜುಗಡ್ಡೆಯ ಗುಂಪಿನಲ್ಲಿ ಶೇಕಡ 33ರಷ್ಟು ಮಂದಿಗೆ ಮಾತ್ರ. ಕಡಲಿನ ಈ ವಿಷಗಳಲ್ಲಿ ಬಿಸಿಗೆ ಕೆಡುವ ದೊಡ್ಡ ಪ್ರೋಟೀನುಗಳು ಹೆಚ್ಚು, ಮತ್ತು ಅಲ್ಲಿ ಬಿಸಿ ಕೊಡುವುದು ಸೆಕೆಂಡುಗಳ ಲೆಕ್ಕದಲ್ಲಲ್ಲ. ಅಲ್ಲಿಯೂ ಎಷ್ಟು ಪಾಲು ವಿಷದ ನಾಶದಿಂದ, ಎಷ್ಟು ಪಾಲು ನರದ ಶಮನದಿಂದ ಎಂಬ ಚರ್ಚೆ ಮುಗಿದಿಲ್ಲ. ಆ ಫಲಿತಾಂಶವನ್ನು ಹಾಗೆಯೇ ಎತ್ತಿ ತಂದು ತೋಟದ ಕಡಜಕ್ಕೆ ಅಂಟಿಸಿರುವುದೇ ತೊಂದರೆ.

ಚಮಚ ಮತ್ತು ಸಾಧನದ ನಡುವಿನ ವ್ಯತ್ಯಾಸ ಕೇಳಿದ್ದೀರಿ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದ ಅತಿ ಮುಖ್ಯ ಪ್ರಶ್ನೆ ಅದೇ. ಚರ್ಮ ಸುಡುವುದು ತಾಪ ಎಷ್ಟಿದೆ ಎಂಬುದರಿಂದ ಮಾತ್ರವಲ್ಲ, ಎಷ್ಟು ಹೊತ್ತು ತಾಗಿತ್ತು ಎಂಬುದರಿಂದಲೂ ತೀರ್ಮಾನವಾಗುತ್ತದೆ. 1947ರಲ್ಲಿ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಹಂದಿಗಳ ಮೇಲೂ ಸ್ವಯಂಸೇವಕರ ಮೇಲೂ ಪ್ರಯೋಗ ಮಾಡಿ ತಯಾರಿಸಿದ ಲೆಕ್ಕ ಇಂದಿಗೂ ಬಳಕೆಯಲ್ಲಿದೆ. 44 ಡಿಗ್ರಿಯಲ್ಲಿ ಚರ್ಮಕ್ಕೆ ಮರಳಿ ಸರಿಯಾಗದ ಹಾನಿಯಾಗಲು ಸುಮಾರು ಆರು ಗಂಟೆ ಬೇಕು. 49 ಡಿಗ್ರಿಯಲ್ಲಿ ಹತ್ತು ನಿಮಿಷದ ಆಸುಪಾಸು ಸಾಕು. 51 ಡಿಗ್ರಿಯಲ್ಲಿ ಕೆಲವೇ ನಿಮಿಷ. 60 ಡಿಗ್ರಿಯಲ್ಲಿ ಐದು ಸೆಕೆಂಡು. 70 ಡಿಗ್ರಿಯಲ್ಲಿ ಒಂದು ಸೆಕೆಂಡೂ ಬೇಕಾಗಿಲ್ಲ. ತಾಪ ಒಂದೊಂದು ಡಿಗ್ರಿ ಏರಿದಂತೆ ನಮಗೆ ಸಿಗುವ ಸಮಯ ಎಷ್ಟು ವೇಗವಾಗಿ ಕುಗ್ಗುತ್ತದೆ ಎಂಬುದನ್ನು ಗಮನಿಸಿ. ಈ ಸಾಧನಗಳ ತುದಿ ಸುಮಾರು 50ರಿಂದ 51 ಡಿಗ್ರಿಯವರೆಗೆ ಮಾತ್ರ ಏರಿ, ಮೂರರಿಂದ ಆರು ಸೆಕೆಂಡುಗಳಲ್ಲಿ ತಾನಾಗಿ ಆರುವಂತೆ ರೂಪಿಸಲಾಗಿದೆ. ನರವನ್ನು ಎಚ್ಚರಿಸಲು ಬೇಕಾದ 43 ಡಿಗ್ರಿಯನ್ನು ದಾಟಬೇಕು, ಚರ್ಮವನ್ನು ಸುಡುವ ಅವಧಿಯಿಂದ ಬಹು ದೂರ ಉಳಿಯಬೇಕು; ಆ ಕಿರಿದಾದ ಜಾಗದಲ್ಲಿ ಅವು ಕೆಲಸ ಮಾಡುತ್ತವೆ.

ಒಲೆಯ ಮೇಲೆ ಕಾಯಿಸಿದ ಚಮಚಕ್ಕೆ ಅಂತಹ ಯಾವ ಮಿತಿಯೂ ಇಲ್ಲ. ಅದರ ತಾಪ 55 ಡಿಗ್ರಿಯೋ 85 ಡಿಗ್ರಿಯೋ ಕಣ್ಣಿಗೆ ಕಾಣುವುದಿಲ್ಲ. ಸ್ಟೀಲ್ ಚಮಚದ ಹಿಡಿಕೆ ತಣ್ಣಗೇ ಇರುವಾಗ ಬಟ್ಟಲಿನ ಭಾಗ ಕೆಂಡದಂತಿರಬಹುದು, ಏಕೆಂದರೆ ಸ್ಟೀಲಿನಲ್ಲಿ ಬಿಸಿ ನಿಧಾನವಾಗಿ ಹರಿಯುತ್ತದೆ. ಹಿರಿಯರ ಅಂಗೈ ಒಲೆಯ ಕೆಲಸದಿಂದ ಗಟ್ಟಿಯಾಗಿರುತ್ತದೆ. ಅವರ ಕೈಗೆ ಹಿತವಾದ ಬಿಸಿ ಮಗುವಿನ ತೋಳಿನ ಒಳಭಾಗಕ್ಕೆ ಹಿತವಾಗಿರಬೇಕೆಂದಿಲ್ಲ. ಊದುಬತ್ತಿಯ ತುದಿಯನ್ನೋ ಬೀಡಿಯನ್ನೋ ಹತ್ತಿರ ಹಿಡಿಯುವವರೂ ಇದ್ದಾರೆ. ಚರ್ಮರೋಗದ ಹೊರರೋಗಿ ವಿಭಾಗಕ್ಕೆ ಬರುವ ಇಂತಹ ಪ್ರಕರಣಗಳಲ್ಲಿ ಕಡಿತದ ಗುರುತು ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ, ಸುಟ್ಟ ಗುರುತು ಮಾತ್ರ ಎದ್ದು ಕಾಣುತ್ತದೆ. ಗಾಯದ ಮೇಲೆ ಬರೆ ಎಳೆಯುವುದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜವಾಗಿಬಿಡುತ್ತದೆ. ಅತ್ತೆಯವರ ಚಮಚ ಇದುವರೆಗೆ ಯಾರನ್ನೂ ಸುಟ್ಟಿಲ್ಲ ಎಂದಾದರೆ ಅದು ಅವರ ಕೈಯ ಹದದ ಹೆಚ್ಚುಗಾರಿಕೆ. ಆ ಹದವನ್ನು ಮನೆಯ ಇತರರು ಅನುಕರಿಸುವುದು ಬೇಡ.

ಸಾಧನ ಇಲ್ಲದ ಮನೆಯವರು ಬಿಸಿಯನ್ನು ಬಳಸಲೇಬೇಕೆಂದಿದ್ದರೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ಚಮಚಕ್ಕಿಂತ ಎಷ್ಟೋ ಮೇಲು. ನೀರು ಸ್ನಾನಕ್ಕೆ ಸ್ವಲ್ಪ ಹೆಚ್ಚೇ ಬಿಸಿ ಎನಿಸುವಷ್ಟು, ಅಂದರೆ 45 ಡಿಗ್ರಿಯ ಹತ್ತಿರ ಇರಲಿ. ಬಟ್ಟೆಯನ್ನು ಮೊದಲು ದೊಡ್ಡವರೊಬ್ಬರು ತಮ್ಮ ಮುಂಗೈಯ ಒಳಭಾಗಕ್ಕೆ ಹತ್ತು ಸೆಕೆಂಡು ಇಟ್ಟು ನೋಡಲಿ. ಮಲೆನಾಡಿನ ಬಚ್ಚಲ ಹಂಡೆಯ ನೀರನ್ನು ತಣ್ಣೀರು ಬೆರೆಸದೆ ಬಳಸುವುದು ಬೇಡವೇ ಬೇಡ. ಅದು ಬಹಳ ಸಲ 60 ಡಿಗ್ರಿಯನ್ನು ದಾಟಿರುತ್ತದೆ. ಬಾಣಲೆಯಲ್ಲಿ ಹುರಿದ ಉಪ್ಪಿನ ಗಂಟಿಗೂ ಇದೇ ಎಚ್ಚರಿಕೆ ಸಲ್ಲುತ್ತದೆ. ಸುಣ್ಣ ಹಚ್ಚುವ ರೂಢಿಯ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು: ವಿಷವಿರುವುದು ಚರ್ಮದ ಕೆಳಗೆ, ಸುಣ್ಣ ಉಳಿಯುವುದು ಮೇಲೆ, ಮತ್ತು ಸುಣ್ಣವೇ ಚರ್ಮವನ್ನು ಸುಡಬಲ್ಲದು.

ಇನ್ನು ಒಂದೊಂದೇ ಜೀವಿಯ ವಿಷಯ. ಜೇನು ಚುಚ್ಚಿದಾಗ ಬಿಸಿಯೋ ತಂಪೋ ಎಂದು ಯೋಚಿಸುವ ಮೊದಲು ಕೊಂಡಿಯನ್ನು ತೆಗೆಯಬೇಕು. ಜೇನಿನ ಕೊಂಡಿ ವಿಷದ ಚೀಲದ ಸಮೇತ ಚರ್ಮದಲ್ಲೇ ಕಿತ್ತುಕೊಂಡು ಉಳಿದು, ಹುಳ ಹಾರಿಹೋದ ಮೇಲೂ ವಿಷವನ್ನು ಒತ್ತುತ್ತಲೇ ಇರುತ್ತದೆ. ಮೊದಲ ಇಪ್ಪತ್ತು ಸೆಕೆಂಡುಗಳಲ್ಲೇ ವಿಷದ ಬಹುಪಾಲು ಒಳಗೆ ಸೇರಿರುತ್ತದೆ. ಉಗುರಿನಿಂದ ಕೆರೆದು ತೆಗೆಯಬೇಕು, ಚಿವುಟಿ ತೆಗೆಯಬಾರದು ಎಂಬ ಹಳೆಯ ನಿಯಮವನ್ನು 1996ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗ ಸಡಿಲಿಸಿತು: ಹೇಗೆ ತೆಗೆದಿರಿ ಎಂಬುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎಂಬುದು ಮುಖ್ಯ. ಸಾಧನ ಯಾವ ಕಪಾಟಿನಲ್ಲಿದೆ ಎಂದು ಹುಡುಕುತ್ತಾ ಕೊಂಡಿಯನ್ನು ಬಿಟ್ಟರೆ ಕೆಲಸ ಕೆಟ್ಟಂತೆಯೇ. ಕೊಂಡಿಯಿಂದ ಹೊರಡುವ, ಮಾಗಿದ ಬಾಳೆಹಣ್ಣಿನ ವಾಸನೆಯನ್ನು ಹೋಲುವ ರಾಸಾಯನಿಕ ಉಳಿದ ಹುಳಗಳನ್ನೂ ಕರೆಯುವುದರಿಂದ ಮೊದಲು ಆ ಜಾಗದಿಂದ ದೂರ ಹೋಗುವುದೂ ಅಗತ್ಯ. ಕಡಜ ಕೊಂಡಿಯನ್ನು ಬಿಟ್ಟುಹೋಗುವುದಿಲ್ಲ, ಆದರೆ ಒಂದೇ ಹುಳ ಹಲವು ಸಲ ಚುಚ್ಚಬಲ್ಲದು. ಕೊಂಡಿ ತೆಗೆದು, ಸೋಪಿನಿಂದ ತೊಳೆದ ಮೇಲೆ ನಾನು ಸೂಚಿಸುವುದು ತಂಪನ್ನೇ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡುವುದರಿಂದ ರಕ್ತನಾಳಗಳು ಕುಗ್ಗಿ ಊತ ತಗ್ಗುತ್ತದೆ, ನೋವೂ ಇಳಿಯುತ್ತದೆ. ಬಿಸಿ ರಕ್ತನಾಳಗಳನ್ನು ಅಗಲಿಸುತ್ತದೆ. ಒಂದೇ ಒಂದು ಕಡಿತ, ಊತ ಹೆಚ್ಚಿಲ್ಲ, ಉರಿ ಮತ್ತು ತುರಿಕೆಯೇ ಕಾಟ ಎನ್ನುವಾಗ ಸಾಧನವನ್ನು ಒಮ್ಮೆ ಬಳಸಿ ನೋಡುವುದಕ್ಕೆ ನನ್ನ ಆಕ್ಷೇಪವಿಲ್ಲ.

ಆಕ್ಷೇಪವಿರುವುದು ಅದರಿಂದ ಸಮಯ ವ್ಯರ್ಥವಾಗುವುದಕ್ಕೆ. ಜೇನು ಅಥವಾ ಕಡಜ ಚುಚ್ಚಿದ ಮೇಲೆ ಮೈಯೆಲ್ಲ ಗಂಧೆ ಎದ್ದರೆ, ತುಟಿ ನಾಲಿಗೆ ಊದಿದರೆ, ದನಿ ಒಡೆದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಅದು ತೀವ್ರ ಅಲರ್ಜಿ. ಅದಕ್ಕೆ ಇರುವ ಔಷಧ ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. ಬಿಸಿಯೂ ತಂಪೂ ಅಲ್ಲಿ ಲೆಕ್ಕಕ್ಕಿಲ್ಲ. 108ಕ್ಕೆ ಕರೆ ಮಾಡಿ, ಅಥವಾ ಕೈಗೆ ಸಿಕ್ಕ ವಾಹನದಲ್ಲಿ ಹೊರಡಿ. ಹೆಜ್ಜೇನಿನ ದಂಡು ಎರಗಿ ಹತ್ತಾರು ಕಡೆ ಚುಚ್ಚಿದ್ದರೆ, ಅಲರ್ಜಿಯ ಯಾವ ಲಕ್ಷಣ ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಅಷ್ಟು ವಿಷ ಒಟ್ಟಾದಾಗ ಸ್ನಾಯುಗಳೂ ಕೆಂಪು ರಕ್ತಕಣಗಳೂ ಒಡೆದು, ಒಂದೆರಡು ದಿನಗಳ ನಂತರ ಮೂತ್ರಪಿಂಡಗಳು ಕೈಕೊಡಬಹುದು.

ಇರುವೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಮಲೆನಾಡಿನ ಚಗಳಿ ಇರುವೆಗೆ ಕೊಂಡಿಯಿಲ್ಲ. ಅದು ಕಚ್ಚಿದ ಜಾಗಕ್ಕೆ ಫಾರ್ಮಿಕ್ ಆಮ್ಲವನ್ನು ಸಿಂಪಡಿಸುತ್ತದೆ, ಚಗಳಿ ಚಟ್ನಿಗೆ ಹುಳಿ ಬರುವುದೂ ಆ ಆಮ್ಲದಿಂದಲೇ. ತೊಳೆದರೆ ಬಹುಮಟ್ಟಿಗೆ ಮುಗಿಯಿತು. ಕೊಂಡಿಯಿರುವ ಕೆಂಪಿರುವೆ ಚುಚ್ಚಿದ ಉರಿ, ತುರಿಕೆಗಳಿಗೆ ಸಾಧನವನ್ನು ಬಳಸಬಹುದು. ಕಂಬಳಿಹುಳ ತಾಗಿದ ಜಾಗಕ್ಕೆ ಮಾತ್ರ ಏನನ್ನೂ ಒತ್ತಬೇಡಿ, ಒತ್ತಿದರೆ ರೋಮಗಳು ಇನ್ನೂ ಒಳಹೊಗುತ್ತವೆ. ಅಂಟುಪಟ್ಟಿಯನ್ನು ಅಂಟಿಸಿ ಕಿತ್ತು ರೋಮಗಳನ್ನು ಮೊದಲು ತೆಗೆಯಿರಿ. ಜರಿ ಕಡಿದ ನೋವಿಗೆ ತೈವಾನಿನಲ್ಲಿ 60 ರೋಗಿಗಳ ಮೇಲೆ ಬಿಸಿನೀರು, ಮಂಜುಗಡ್ಡೆ ಮತ್ತು ನೋವುನಿವಾರಕ ಚುಚ್ಚುಮದ್ದನ್ನು ಹೋಲಿಸಿ ನೋಡಿದ್ದಾರೆ. ಮೂರರಿಂದಲೂ ಹೆಚ್ಚುಕಡಿಮೆ ಒಂದೇ ಮಟ್ಟದ ಉಪಶಮನ ಸಿಕ್ಕಿತು. ಹೀಗಿರುವಾಗ ಸುಡುವ ಭಯವಿಲ್ಲದ ಮಂಜುಗಡ್ಡೆಯನ್ನು ಆರಿಸಿಕೊಳ್ಳುವುದು ಸುಲಭ.

ಚೇಳಿಗೆ ಬಿಸಿ ಬೇಡ. ಮಲೆನಾಡಿನಲ್ಲಿ ಕಾಣುವ ದೊಡ್ಡ ಕರಿಚೇಳು ನೋಡಲು ಭಯಂಕರವಾದರೂ ಅದರ ವಿಷ ಸಾಮಾನ್ಯವಾಗಿ ಸೌಮ್ಯ. ಬಯಲುಸೀಮೆಯಲ್ಲೂ ಉತ್ತರ ಕರ್ನಾಟಕದಲ್ಲೂ ಇರುವ ಚಿಕ್ಕ ಕೆಂಪು ಚೇಳು ಹಾಗಲ್ಲ. ಅದರ ವಿಷ ಇಡೀ ದೇಹದ ನರಗಳನ್ನು ಕೆರಳಿಸಿ, ಅಡ್ರಿನಲಿನ್ ಜಾತಿಯ ರಾಸಾಯನಿಕಗಳು ರಕ್ತಕ್ಕೆ ಉಕ್ಕುವಂತೆ ಮಾಡುತ್ತದೆ. ವಿಪರೀತ ಬೆವರು, ವಾಂತಿ, ತಣ್ಣಗಾಗುವ ಕೈಕಾಲು, ಏರುಪೇರಾಗುವ ಹೃದಯಬಡಿತ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬುವುದು ಅದರ ದಾರಿ. ಮಹಾರಾಷ್ಟ್ರದ ಮಹಾಡ್‌ನಲ್ಲಿ ದುಡಿದ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು ಪ್ರಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯಿಂದ ಇಂತಹ ರೋಗಿಗಳನ್ನು ಉಳಿಸಬಹುದೆಂದು 1980ರ ದಶಕದಲ್ಲಿ ತೋರಿಸಿಕೊಟ್ಟರು. ಆ ಕೆಲಸದಿಂದ ಅಸಂಖ್ಯ ಮಕ್ಕಳ ಜೀವ ಉಳಿದಿದೆ. ಚುಚ್ಚಿದ ಜಾಗದ ನೋವನ್ನು ಬಿಸಿಯಿಂದ ಮರೆಸಿ ಮನೆಯಲ್ಲಿ ಕುಳಿತರೆ ಈ ಲಕ್ಷಣಗಳು ತಡವಾಗಿ ಗಮನಕ್ಕೆ ಬರುತ್ತವೆ. ಮಕ್ಕಳಿಗೆ ಚೇಳು ಕಡಿದರೆ ಬಣ್ಣ ನೋಡುತ್ತಾ ನಿಲ್ಲದೆ, ತಣ್ಣನೆಯ ಬಟ್ಟೆಯನ್ನಿಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ.

ಉಣುಗಿನ ಬಗ್ಗೆ ನಿಮ್ಮ ಜಿಲ್ಲೆಯವರಿಗೆ ಹೆಚ್ಚು ಹೇಳಬೇಕಾಗಿಲ್ಲ ಎಂದುಕೊಳ್ಳಬಹುದಿತ್ತು, ಆದರೂ ಕಚ್ಚಿಕೊಂಡಿರುವ ಉಣುಗಿಗೆ ಬೆಂಕಿಕಡ್ಡಿ ತಾಗಿಸುವ ರೂಢಿ ಇನ್ನೂ ಹೋಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯ ವೈರಾಣು ಉಣುಗಿನ ಮೂಲಕವೇ ಮನುಷ್ಯರಿಗೆ ಬರುತ್ತದೆ. ಬಿಸಿ ತಾಗಿದ ಉಣುಗು ಬಿಟ್ಟುಹೋಗುವ ಬದಲು ತನ್ನ ಜೊಲ್ಲನ್ನು ಇನ್ನಷ್ಟು ಒಳಗೆ ಬಿಡಬಹುದು, ತಪ್ಪಿಸಬೇಕಾದದ್ದು ಅದನ್ನೇ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ, ನಿಧಾನವಾಗಿ ಎಳೆಯಿರಿ. ಬರಿಗೈಯಲ್ಲಿ ಹಿಸುಕಬೇಡಿ. ತೆಗೆದ ಮೇಲೆ ಸೋಪಿನಿಂದ ತೊಳೆಯಿರಿ, ಮುಂದಿನ ಎರಡು ವಾರಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ಉಣುಗು ಕಚ್ಚಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಬೇಸಿಗೆಯಲ್ಲಿ ಕಾಡಿಗೆ, ತೋಟದ ಅಂಚಿಗೆ ಹೋಗುವ ಮುನ್ನ ಆರೋಗ್ಯ ಇಲಾಖೆ ಹಂಚುವ ಡೆಪಾ ತೈಲವನ್ನು ಹಚ್ಚಿಕೊಳ್ಳುವುದು ಯಾವ ಸಾಧನಕ್ಕಿಂತಲೂ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಮ್ಮ ಅತ್ತೆಯವರ ವಿಷಯ. ಸಕ್ಕರೆ ಕಾಯಿಲೆ ಬಹಳ ವರ್ಷದ್ದಾದರೆ ಪಾದ ಮತ್ತು ಮೊಣಕಾಲಿನ ಕೆಳಭಾಗದ ಸಂವೇದನೆ ಕುಂದಿರುತ್ತದೆ. ಬಿಸಿ ಅತಿಯಾಯಿತು ಎಂದು ಕೈ ಹಿಂತೆಗೆಸುವ ನರವೇ ಮಂಕಾಗಿರುವಾಗ ಚರ್ಮ ಸುಟ್ಟದ್ದು ಗೊತ್ತಾಗುವುದು ಗುಳ್ಳೆ ಎದ್ದ ಮೇಲೆ, ಮತ್ತು ಆ ಗುಳ್ಳೆ ಮಾಯುವುದು ಬಹಳ ನಿಧಾನ. ಆದ್ದರಿಂದ ಅವರ ಕಾಲಿಗೆ ಚಮಚ, ಬಿಸಿನೀರಿನ ಬಟ್ಟೆ, ಸಾಧನ ಯಾವುದೂ ಬೇಡ. ಮಂಜುಗಡ್ಡೆಯನ್ನು ನೇರವಾಗಿ ಇಡುವುದೂ ಬೇಡ. ತಣ್ಣೀರಿನಲ್ಲಿ ತೊಳೆದು, ಕ್ಯಾಲಮೈನ್ ಲೋಷನ್ ಹಚ್ಚಿ, ತುರಿಕೆ ಹೆಚ್ಚಿದ್ದರೆ ಸೆಟ್ರಿಜಿನ್‌ನಂತಹ ಮಾತ್ರೆಯನ್ನು ಅವರ ಇತರ ಔಷಧಗಳನ್ನು ಬಲ್ಲ ವೈದ್ಯರ ಸಲಹೆಯಂತೆ ಕೊಡಬಹುದು. ಕೈಯ ಸಂವೇದನೆ ಚೆನ್ನಾಗಿದ್ದರೆ ಕೈಗೆ ಸಾಧನವನ್ನು ಬಳಸಲು ಅಡ್ಡಿಯಿಲ್ಲ. ಲಕ್ವ ಹೊಡೆದವರಿಗೂ ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡವರಿಗೂ ಇದೇ ನಿಯಮ.

ಮಕ್ಕಳ ಚರ್ಮ ತೆಳು, ಅದು ದೊಡ್ಡವರದಕ್ಕಿಂತ ಬೇಗ ಸುಡುತ್ತದೆ. ಬಿಸಿಯಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲಾರದ ಕೂಸಿಗೆ ಸಾಧನವನ್ನು ಬಳಸಬೇಡಿ. ಹೇಳಬಲ್ಲ ಮಕ್ಕಳಿಗೆ ಕಡಿಮೆ ಅವಧಿಯ, ಅಂದರೆ ಮೂರು ಸೆಕೆಂಡಿನ ಗುಂಡಿಯನ್ನೇ ಒತ್ತಿ, ಮೊದಲು ನಿಮ್ಮ ಕೈಗೆ ತಾಗಿಸಿ ತೋರಿಸಿ, ಬೇಡವೆಂದರೆ ಒತ್ತಾಯಿಸಬೇಡಿ. ಕಣ್ಣಿನ ರೆಪ್ಪೆ, ತುಟಿ, ಬಾಯೊಳಗೆ, ಗುಪ್ತಾಂಗಗಳಿಗೆ, ಒಡೆದ ಅಥವಾ ಕೆರೆದು ರಸ ಸೋರುವ ಚರ್ಮಕ್ಕೆ, ಮರಗಟ್ಟಿಸುವ ಮುಲಾಮು ಹಚ್ಚಿದ ಜಾಗಕ್ಕೆ ತಾಗಿಸಬಾರದು. ಕಚ್ಚಿದ ಕೂಡಲೇ ಬಳಸಿದರೆ ಹೆಚ್ಚು ಫಲ. ಮರುದಿನದ ಗಟ್ಟಿ ಗುಳ್ಳೆಯ ತುರಿಕೆಯನ್ನೂ ತಾತ್ಕಾಲಿಕವಾಗಿ ತಗ್ಗಿಸಬಹುದು, ಆದರೆ ಗುಳ್ಳೆ ಅದರಿಂದ ಬೇಗ ಮಾಯವಾಗುವುದಿಲ್ಲ. ಡೆಂಗಿಯ ವೈರಾಣು ಸೊಳ್ಳೆಯ ಜೊಲ್ಲಿನೊಂದಿಗೆ ಒಳಗೆ ಹೋಗಿದ್ದರೆ ಅದನ್ನೂ ಈ ಬಿಸಿ ತಡೆಯುವುದಿಲ್ಲ. ಒಂದೇ ಜಾಗಕ್ಕೆ ಮತ್ತೆ ತಾಗಿಸುವುದಾದರೆ ನಡುವೆ ಕನಿಷ್ಠ ಎರಡು ನಿಮಿಷ ಬಿಡಿ, ಸಾಧನದ ಜೊತೆಗಿರುವ ಕಾಗದದಲ್ಲಿ ಹೇಳಿದ ಮಿತಿಯನ್ನು ಮೀರಬೇಡಿ. ಎರಡು ಮೂರು ಸಲ ತಾಗಿಸಿಯೂ ಇಳಿಯದ ತುರಿಕೆಗೆ ನಾಲ್ಕನೆಯ ಸಲ ಒತ್ತುವುದಕ್ಕಿಂತ ಮಾತ್ರೆಯೋ ಮುಲಾಮೋ ಮೇಲು. ಎರಡನೆಯ ಅಥವಾ ಮೂರನೆಯ ದಿನಕ್ಕೆ ಕಡಿತದ ಸುತ್ತ ಕೆಂಪು ಹರಡುತ್ತಾ, ಮುಟ್ಟಿದರೆ ನೋಯುತ್ತಾ, ಕೀವು ಅಥವಾ ಜ್ವರ ಕಾಣಿಸಿಕೊಂಡರೆ ಅದು ಸೋಂಕು; ಆಗ ಸಾಧನವನ್ನು ಪಕ್ಕಕ್ಕಿಟ್ಟು ವೈದ್ಯರಿಗೆ ತೋರಿಸಿ.